ಕಂಡದ್ದನ್ನು ಬರೆಯುವುದು: ಪೆನ್ಸಿಲ್ ಚಿತ್ರದ ಮೊದಲ ಪಾಠಗಳು

ನಮ್ಮ ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ಒಂದು ಚೆಂದದ ಬಳಕೆಯಿದೆ. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಆದರೆ ಅಕ್ಷರ ಬರೆಯುವುದನ್ನು ಕಲಿಯಬೇಕಾದರೆ ತಿದ್ದಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೇಷ್ಟ್ರು ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆ ನೂರು ಸಲ ಬಳಪ ಆಡಿಸಿದ ಮೇಲೆಯೇ ಅದು ನಮ್ಮ ಕೈಗೆ ಬಂದದ್ದು. ಚಿತ್ರದ ಮಾತು ಬಂದಾಗ ಮಾತ್ರ “ಅದು ದೇವರು ಕೊಟ್ಟ ವರ, ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ” ಎಂದು ಕೈತೊಳೆದುಕೊಳ್ಳುತ್ತೇವೆ. ಅಕ್ಷರದಂತೆ ಚಿತ್ರವನ್ನೂ ತಿದ್ದಿ ಕಲಿಯಬಹುದು ಎಂಬುದೇ ಇಂದಿನ ನನ್ನ ಮಾತಿನ ತಿರುಳು. ಆದರೆ ಇಲ್ಲಿ ಕೈಗಿಂತ ಮೊದಲು ಕಣ್ಣನ್ನು ತಿದ್ದಬೇಕಾಗುತ್ತದೆ.

ಕಲಾಶಾಲೆಗೆ ಸೇರಬೇಕೆಂದಿರುವ, ಈಗಷ್ಟೇ ಸೇರಿರುವ, ಅಥವಾ ಸೇರುವ ಅನುಕೂಲವಿಲ್ಲದೆ ಮನೆಯಲ್ಲೇ ಅಭ್ಯಾಸ ಮಾಡುತ್ತಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಹೇಳುತ್ತಿದ್ದೇನೆ. ಉದಾಹರಣೆಗಳನ್ನೆಲ್ಲ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಂದಲೇ ಆರಿಸಿಕೊಂಡಿದ್ದೇನೆ. ಕಾರಣವಿಷ್ಟೆ: ನಾನು ಕಲಿತದ್ದು ಅಲ್ಲಿ.

ಒಂದು ಚೊಂಬಿನ ಕಥೆ

ಹೈಸ್ಕೂಲಿನಲ್ಲಿದ್ದಾಗ ನಾನು ನಮ್ಮೂರಿನ ದೊಡ್ಡ ಕಲಾವಿದ. ಸಿನಿಮಾ ನಟರ ಫೋಟೋ ಸಿಕ್ಕಿದರೆ ಅದರ ಮೇಲೆ ಸಣ್ಣ ಸಣ್ಣ ಚೌಕ ಹಾಕಿ, ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡ ಚೌಕ ಹಾಕಿ, ಒಂದೊಂದೇ ಮನೆಯನ್ನು ತುಂಬುತ್ತ ಹೋಗುತ್ತಿದ್ದೆ. ಕೊನೆಗೆ ಬೆರಳಿನಿಂದ ಉಜ್ಜಿ ನುಣುಪು ಮಾಡಿದರೆ ನೋಡಿದವರು ಭೇಷ್ ಎನ್ನುತ್ತಿದ್ದರು. ಗಣೇಶನ ಹಬ್ಬದ ಪೆಂಡಾಲಿಗೆ ನನ್ನ ಚಿತ್ರವಿಲ್ಲದೆ ಆಗುತ್ತಿರಲಿಲ್ಲ.

ಆ ಧೈರ್ಯದ ಮೇಲೆ ಒಂದು ಕಲಾಶಾಲೆಯ ಪ್ರವೇಶ ಪರೀಕ್ಷೆಗೆ ಹೋದೆ. ಬಸ್ ಚಾರ್ಜಿಗೂ ಫೀಸಿಗೂ ಅಪ್ಪ ಒಂದು ಮೇಕೆ ಮಾರಿದ್ದರು. ಪರೀಕ್ಷೆಯ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬು, ಒಂದು ಇಟ್ಟಿಗೆ, ಮಡಿಸಿದ ಒಂದು ಟವೆಲ್ಲು ಇಟ್ಟಿದ್ದರು. ನೋಡಿ ಬರೆಯಬೇಕು. ಮೂರು ಗಂಟೆ ಕಾಲ. ಚೌಕ ಹಾಕೋಣವೆಂದರೆ ಚೊಂಬಿನ ಮೇಲೆ ಚೌಕ ಹಾಕುವುದೆಲ್ಲಿ?

ಚೊಂಬಿನ ಬಾಯಿ ಗುಂಡಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಗುಂಡಗೆ ಬರೆದೆ. ಬುಡ ಸಮವಾಗಿರುತ್ತದೆ ಎಂಬುದೂ ಗೊತ್ತಿತ್ತು. ಆದ್ದರಿಂದ ಸ್ಕೇಲು ಹಿಡಿದಂತೆ ನೇರ ಗೆರೆ ಎಳೆದೆ. ಬರೆದು ಮುಗಿಸಿದಾಗ ಮೇಲಿನಿಂದ ನೋಡಿದ ಬಾಯಿ, ಪಕ್ಕದಿಂದ ನೋಡಿದ ಬುಡ, ಎರಡೂ ಸೇರಿ ಅದು ಚೊಂಬಿನಂತೆಯೂ ಇರಲಿಲ್ಲ, ಮತ್ತೇನಂತೆಯೂ ಇರಲಿಲ್ಲ. ಮೇಲ್ವಿಚಾರಣೆಗೆ ನಿಂತಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಹಾಳೆ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿದರು: “ಮಗೂ, ನಿನಗೆ ಗೊತ್ತಿರೋದನ್ನ ಬರೆದಿದ್ದೀಯ. ಕಾಣ್ತಿರೋದನ್ನ ಬರೆದಿಲ್ಲ.”

ಆ ವರ್ಷ ಸೀಟು ಸಿಗಲಿಲ್ಲ. ತಪ್ಪು ಪರೀಕ್ಷೆಯದಲ್ಲ, ನನ್ನದೇ. ಅಪ್ಪ ಬೈಯಲಿಲ್ಲ. “ಮುಂದಿನ ವರ್ಷ ನೋಡಾಣ ಬಿಡು” ಎಂದರು. ಮಾರಿದ ಮೇಕೆಯ ಮಾತನ್ನು ಎತ್ತಲಿಲ್ಲ. ಅವರು ಎತ್ತದೆ ಇದ್ದುದರಿಂದಲೇ ನನಗೆ ಅದು ಮರೆಯಲಿಲ್ಲ. ಆ ಒಂದು ವರ್ಷ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿ ಕಲಿತದ್ದನ್ನು ಈಗ ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಪೆನ್ಸಿಲಿನ ವಿಚಾರ

ನಾವು ಸೀಸದ ಕಡ್ಡಿ ಎನ್ನುತ್ತೇವೆ. ನಿಜಕ್ಕೂ ಅದರಲ್ಲಿ ಸೀಸವಿಲ್ಲ. ಇರುವುದು ಗ್ರಾಫೈಟ್ ಎಂಬ, ಇಂಗಾಲದ ಒಂದು ರೂಪ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಕಡ್ಡಿ ಮಾಡಿ, ಸುಟ್ಟು ಪೆನ್ಸಿಲ್ ತಯಾರಿಸುವ ವಿಧಾನಕ್ಕೆ 1795ರಲ್ಲಿ ಫ್ರಾನ್ಸಿನ ನಿಕೊಲಾ ಕೊಂಟೆ ಹಕ್ಕುಪತ್ರ ಪಡೆದ. ಇಂಗ್ಲೆಂಡಿನೊಡನೆ ಯುದ್ಧ ನಡೆಯುತ್ತಿದ್ದುದರಿಂದ ಅಲ್ಲಿನ ಒಳ್ಳೆಯ ಗ್ರಾಫೈಟ್ ಫ್ರಾನ್ಸಿಗೆ ಬರುತ್ತಿರಲಿಲ್ಲ. ಇದ್ದುದರಲ್ಲೇ ಪೂರೈಸಿಕೊಳ್ಳುವ ಉಪಾಯ ಅದು. ಅದೇ ಕಾಲಕ್ಕೆ ಟಿಪ್ಪೂ ಸುಲ್ತಾನ ಶ್ರೀರಂಗಪಟ್ಟಣದಲ್ಲಿದ್ದ. ಹಿಂದೆ ಹಿರೋಡೆ ಎನ್ನಿಸಿಕೊಂಡಿದ್ದ ಇಂದಿನ ಪಾಂಡವಪುರಕ್ಕೆ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸಿಪಾಯಿಗಳಿಂದಾಗಿ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ನಮ್ಮ ಕೈಯ ಪೆನ್ಸಿಲ್ ಅಷ್ಟು ಹಳೆಯದು.

ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೆದು, ಗೆರೆ ಕಪ್ಪು. ಪೆನ್ಸಿಲಿನ ಮೇಲಿರುವ ಎಚ್ ಎಂಬುದು ಗಟ್ಟಿತನವನ್ನೂ ಬಿ ಎಂಬುದು ಕಪ್ಪನ್ನೂ ಸೂಚಿಸುತ್ತದೆ. ಹನ್ನೆರಡು ಪೆನ್ಸಿಲ್‌ಗಳ ಡಬ್ಬಿ ಕೊಳ್ಳಬೇಕಾಗಿಲ್ಲ. ಒಂದು ಎಚ್‌ಬಿ, ಒಂದು 2ಬಿ, ಒಂದು 4ಬಿ ಇದ್ದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಮೆಂಡರಿನಿಂದ ಹೆರೆಯುವ ಬದಲು ಬ್ಲೇಡಿನಿಂದ ಉದ್ದವಾಗಿ ಹೆರೆದುಕೊಳ್ಳಿ. ಕಡ್ಡಿ ಅರ್ಧ ಅಂಗುಲದಷ್ಟು ಹೊರಗಿದ್ದರೆ ಮೊನೆಯಿಂದ ಸಣ್ಣ ಗೆರೆಯನ್ನೂ ಮಗ್ಗುಲಿನಿಂದ ಅಗಲವಾದ ಛಾಯೆಯನ್ನೂ ತೆಗೆಯಬಹುದು.

ಕಾಗದದ ಮೇಲೆ ದುಡ್ಡು ಸುರಿಯಬೇಡಿ. ದುಬಾರಿ ಹಾಳೆಯ ಮೇಲೆ ಕೈ ಹೆದರುತ್ತದೆ. ಒಂದು ಮಗ್ಗುಲು ಖಾಲಿಯಿರುವ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಕೊಳ್ಳಿ. ಒಂದು ದಪ್ಪ ರಟ್ಟು, ಎರಡು ಕ್ಲಿಪ್ಪು ಇದ್ದರೆ ಅದೇ ನಿಮ್ಮ ಡ್ರಾಯಿಂಗ್ ಬೋರ್ಡು. ರಬ್ಬರನ್ನು ಮಾತ್ರ ಮೊದಲ ಮೂರು ತಿಂಗಳು ಮನೆಯಲ್ಲೇ ಬಿಟ್ಟು ಹೋಗಿ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ. ತಪ್ಪು ಎಷ್ಟಿತ್ತು ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಅಳಿಸಿಬಿಟ್ಟರೆ ನಾಳೆ ಅದೇ ತಪ್ಪನ್ನು ಮತ್ತೆ ಮಾಡುತ್ತೀರಿ.

ಗೆರೆಯ ಸಾಧನೆ

ಸಂಗೀತದವರು ಬೆಳಗ್ಗೆ ಎದ್ದು ಸರಳೆ ವರಸೆ ಹಾಡುತ್ತಾರೆ. ಕಛೇರಿಯಲ್ಲಿ ಯಾರೂ ಸರಳೆ ಹಾಡುವುದಿಲ್ಲ. ಆದರೂ ಅದಿಲ್ಲದೆ ಕಛೇರಿಯಿಲ್ಲ. ಗೆರೆಯ ಅಭ್ಯಾಸವೂ ಹಾಗೆಯೇ. ದಿನಕ್ಕೆ ಹದಿನೈದು ನಿಮಿಷ ಸಾಕು. ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು, ಸ್ಕೇಲಿಲ್ಲದೆ, ಒಂದೇ ಉಸಿರಿಗೆ ಸೇರಿಸಿ. ಮೊದಲು ಅಡ್ಡ, ಆಮೇಲೆ ಉದ್ದ, ಆಮೇಲೆ ಓರೆ. ಕಣ್ಣು ಪೆನ್ಸಿಲಿನ ಮೊನೆಯ ಮೇಲಿರಬಾರದು, ಮುಟ್ಟಬೇಕಾದ ಚುಕ್ಕೆಯ ಮೇಲಿರಬೇಕು. ಸಣ್ಣ ಗೆರೆಗೆ ಮಣಿಕಟ್ಟು, ಉದ್ದ ಗೆರೆಗೆ ಮೊಣಕೈ, ಇನ್ನೂ ಉದ್ದಕ್ಕೆ ಇಡೀ ತೋಳು ಚಲಿಸಬೇಕು. ಅಕ್ಷರ ಬರೆಯುವಂತೆ ಬೆರಳಿನಿಂದಲೇ ಎಳೆದರೆ ಗೆರೆ ಕೂದಲು ನಿಂತಂತೆ ಒಡೆಯುತ್ತದೆ.

ಹೆಣ್ಣುಮಕ್ಕಳಿಗೆ ಈ ಪಾಠ ಮನೆಯಂಗಳದಲ್ಲೇ ಸಿಕ್ಕಿರುತ್ತದೆ. ಸಾರಿಸಿದ ನೆಲದ ಮೇಲೆ ಚುಕ್ಕೆಯಿಟ್ಟು ರಂಗೋಲಿ ಎಳೆಯುವ ತಾಯಂದಿರನ್ನು ಗಮನಿಸಿ. ಬಗ್ಗಿ ನಿಂತು ಇಡೀ ತೋಳನ್ನು ಬೀಸಿ ಗೆರೆ ಬಿಡುತ್ತಾರೆ. ನಡುವೆ ನಿಲ್ಲಿಸುವುದಿಲ್ಲ. ರಂಗೋಲಿಗೆ ರಬ್ಬರೂ ಇಲ್ಲ.

ಗೆರೆಗೆ ನಮ್ಮಲ್ಲಿ ಹಿಂದಿನಿಂದಲೂ ಈ ಗೌರವವಿದೆ. ವಿಜಯನಗರ ಅಳಿದ ಮೇಲೆ ದಿಕ್ಕಾಪಾಲಾದ ಚಿತ್ರಗಾರರ ಮನೆತನಗಳಿಗೆ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಶ್ರಯ ಕೊಟ್ಟರೆಂದು ಕಲಾಚರಿತ್ರೆ ಹೇಳುತ್ತದೆ. ಮೈಸೂರು ಶೈಲಿ ಎಂದು ಹೆಸರಾದ ಚಿತ್ರಕಲೆಗೆ ಅದೇ ಬುನಾದಿ. ಆ ಚಿತ್ರಗಾರರು ಬಣ್ಣ, ಚಿನ್ನದ ರೇಕು ಮುಟ್ಟುವ ಮೊದಲು ಹುಣಸೆಯ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿದ ಇದ್ದಿಲಿನಿಂದ ರೇಖಾಚಿತ್ರ ತೆಗೆಯುತ್ತಿದ್ದರು. ಚಿತ್ರಗಾರರ ಮನೆತನದಲ್ಲೇ ಹುಟ್ಟಿ, ಮುಂದೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರ ಚಿತ್ರಗಳನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಗೆ ಸೇರಿದ ಸಂಗ್ರಹದಲ್ಲಿ ನೋಡುವ ಅವಕಾಶ ಸಿಕ್ಕಿದರೆ, ಬಣ್ಣಕ್ಕಿಂತ ಮೊದಲು ಅದರ ಕೆಳಗಿನ ಗೆರೆಯ ಹಿಡಿತವನ್ನು ಗಮನಿಸಿ.

ಶ್ರೀರಂಗಪಟ್ಟಣ: ಅಳತೆಯ ಪಾಠ

ಈಗ ಹೊರಗೆ ಹೊರಡೋಣ. ಮೊದಲ ನಿಲ್ದಾಣ ಗಂಜಾಮಿನ ಗುಂಬಜ್. ಟಿಪ್ಪೂ ತನ್ನ ತಂದೆ ಹೈದರಾಲಿಗಾಗಿ 1780ರ ದಶಕದ ಮೊದಲಲ್ಲಿ ಕಟ್ಟಿಸಿದ ಗೋರಿ ಇದು. ತಾಯಿಯ ಗೋರಿಯೂ, 1799ರ ನಂತರ ಟಿಪ್ಪುವಿನದೂ ಇಲ್ಲಿಯೇ ಇವೆ. ಚೌಕನೆಯ ಕಟ್ಟಡ, ಸುತ್ತ ಕಪ್ಪು ಕಲ್ಲಿನ ನುಣುಪು ಕಂಬಗಳ ಜಗಲಿ, ಮೇಲೆ ಗುಮ್ಮಟ. ಎಡಕ್ಕಿದ್ದದ್ದು ಬಲಕ್ಕೂ ಇದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಟ್ಟಡ ಬೇಕಿಲ್ಲ.

ಎದುರಿನ ದಾರಿಯಲ್ಲಿ ಕುಳಿತು ತೋಳನ್ನು ಪೂರ್ತಿ ಚಾಚಿ ಪೆನ್ಸಿಲನ್ನು ನೆಟ್ಟಗೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿ ಗುಮ್ಮಟದ ನೆತ್ತಿಗೆ ತಾಗಲಿ, ಗುಮ್ಮಟದ ಬುಡಕ್ಕೆ ಹೆಬ್ಬೆರಳಿನ ಉಗುರನ್ನು ಸರಿಸಿ. ಇದು ನಿಮ್ಮ ಒಂದು ಅಳತೆ. ಮೊಣಕೈ ಮಡಿಸದೆ ಇದೇ ಅಳತೆಯನ್ನು ಕೆಳಗಿಳಿಸಿ: ಗುಮ್ಮಟದಿಂದ ನೆಲಗಟ್ಟಿನವರೆಗೆ ಎಷ್ಟು ಸಲ ಕೂರುತ್ತದೆ? ಪೆನ್ಸಿಲನ್ನು ಅಡ್ಡ ತಿರುಗಿಸಿ ಅಗಲಕ್ಕೆ ಎಷ್ಟು ಸಲ? ಈ ಎರಡು ಅಂಕಿಗಳು ಸಿಕ್ಕಿದರೆ ಕಟ್ಟಡ ಹಾಳೆಯ ಮೇಲೆ ಅರ್ಧ ನಿಂತಂತೆ. ಬಾಗಿಲು, ಕಂಬ, ಹೂಬಳ್ಳಿ ಎಲ್ಲ ಆಮೇಲೆ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಹಾಳೆಯ ಒಂದು ಮೂಲೆಯಲ್ಲಿ ಕಿಟಕಿಯಿಂದ ಆರಂಭಿಸಿ, ಕೊನೆಗೆ ಗುಮ್ಮಟಕ್ಕೆ ಜಾಗ ಸಾಲದೆ ಅದನ್ನು ಬಗ್ಗಿಸುವುದು.

ದೂರ ಹೋದಂತೆ ವಸ್ತುಗಳು ಚಿಕ್ಕದಾಗಿ ಕಾಣುವ ಪರ್ಸ್‌ಪೆಕ್ಟಿವ್ ಪಾಠವೂ ಇದೇ ಊರಿನಲ್ಲಿ ಸಿಗುತ್ತದೆ. 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಸಾಲನ್ನು ನದಿಯ ದಡದಿಂದ ನೋಡಿ. ಕಂಬಗಳೆಲ್ಲ ಎತ್ತರದಲ್ಲಿ ಹೆಚ್ಚುಕಡಿಮೆ ಒಂದೇ ಎಂದು ನಿಮಗೆ ಗೊತ್ತು. ಕಣ್ಣಿಗೆ ಹಾಗೆ ಕಾಣುವುದಿಲ್ಲ. ತಲೆಯ ಗೆರೆ ಕೆಳಗಿಳಿಯುತ್ತದೆ, ಬುಡದ ಗೆರೆ ಮೇಲೇರುತ್ತದೆ, ಎರಡೂ ನಿಮ್ಮ ಕಣ್ಣಿನ ಮಟ್ಟದಲ್ಲಿ ಒಂದು ಬಿಂದುವಿನತ್ತ ಓಡುತ್ತವೆ. ಪಾಂಡವಪುರದ ರೈಲ್ವೆ ಪ್ಲಾಟ್‌ಫಾರಂ ಮೇಲೆ ಕುಳಿತು ಹಳಿಗಳನ್ನು ನೋಡಿದರೂ ಇದೇ ಪಾಠ. ಪುಸ್ತಕದ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಇನ್ನೊಂದು ಸಂಗತಿ. 1790ರ ದಶಕದ ಯುದ್ಧಗಳಲ್ಲಿ ಇಂಗ್ಲಿಷರ ಸೈನ್ಯದ ಜೊತೆ ಬಂದವರಲ್ಲಿ ಚಿತ್ರ ಬರೆಯುವವರೂ ಇದ್ದರು. ರಾಬರ್ಟ್ ಹೋಮ್ ಎಂಬ ವೃತ್ತಿ ಕಲಾವಿದ ಕಾರ್ನ್‌ವಾಲಿಸನ ಸೈನ್ಯದೊಡನಿದ್ದ. ಮೈಸೂರು ಸೀಮೆಯ ನೋಟಗಳ ಅವನ ಪುಸ್ತಕ 1794ರಲ್ಲಿ ಅಚ್ಚಾಯಿತು. ಕೋಲ್‌ಬ್ರೂಕ್ ಎಂಬ ಸರ್ವೆ ಅಧಿಕಾರಿಯೂ, ಅಲೆಕ್ಸಾಂಡರ್ ಅಲನ್ ಎಂಬ ಸೇನಾಧಿಕಾರಿಯೂ ಇಲ್ಲಿನ ಕೋಟೆ, ಬೆಟ್ಟಗಳ ಚಿತ್ರಗಳನ್ನು ಪ್ರಕಟಿಸಿದರು. ಕ್ಯಾಮೆರಾ ಇಲ್ಲದ ಕಾಲದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವುದು ಸಿಪಾಯಿಗೂ ಬೇಕಾದ ವಿದ್ಯೆಯಾಗಿತ್ತು. ಕೋಟೆಯ ಎತ್ತರವನ್ನು ತಪ್ಪು ಬರೆದರೆ ಏಣಿ ಸಾಲದೆ ಹೋಗಬಹುದು.

ಅದೇ ಊರಿನ ದರಿಯಾ ದೌಲತ್ ಅರಮನೆಗೆ ಹೋದರೆ ಬೇರೊಂದು ಕಣ್ಣು ಕಾಣುತ್ತದೆ. 1784ರ ಈ ಕಟ್ಟಡದ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ಗೋಡೆಯ ಚಿತ್ರಗಳು ಮಾಸಿ, ಮತ್ತೆ ಬರೆಯಿಸಿಕೊಂಡು, 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯ ಮೇರೆಗೆ ಪುನಃ ತಿದ್ದಿಸಿಕೊಂಡವು. ಅಲ್ಲಿ ದೂರದ ಕುದುರೆಯೂ ಹತ್ತಿರದ ಕುದುರೆಯೂ ಒಂದೇ ಗಾತ್ರ. ಸಾಲಿನ ಮೇಲೆ ಸಾಲು ಸೈನಿಕರು. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ಇದನ್ನು ಪರ್ಸ್‌ಪೆಕ್ಟಿವ್ ತಿಳಿಯದವರ ತಪ್ಪು ಎಂದುಕೊಳ್ಳಬೇಡಿ. ಇಡೀ ಕದನವನ್ನು ಒಂದೇ ಗೋಡೆಯ ಮೇಲೆ ಹೇಳಬೇಕೆಂದವರು ಆರಿಸಿಕೊಂಡ ಕ್ರಮ ಅದು. ಒಂದು ಕುದುರೆಯ ಕತ್ತಿನಿಂದ ಬೆನ್ನಿನವರೆಗಿನ ಗೆರೆಯನ್ನು ಮಾತ್ರ ಹತ್ತು ಸಲ ನೋಡಿ ಬರೆಯಿರಿ. ಕಾವಲಿನವರನ್ನು ಕೇಳಿ, ಯಾರಿಗೂ ಅಡ್ಡವಾಗದಂತೆ ಕುಳಿತುಕೊಳ್ಳಿ, ಗೋಡೆಯನ್ನು ಮುಟ್ಟಬೇಡಿ.

ಪಾಂಡವಪುರ: ಬೆಳಕು ಮತ್ತು ನೆರಳು

ಗೆರೆ ಮತ್ತು ಅಳತೆ ಕೈಗೆ ಬಂದ ಮೇಲೆ ಛಾಯೆಯ ಪಾಠ. ಮೊದಲು ಹಾಳೆಯ ಮೇಲೆ ಐದು ಚೌಕ ಬರೆದು, ಒಂದನ್ನು ಬಿಳಿ ಬಿಟ್ಟು, ಕೊನೆಯದನ್ನು 4ಬಿಯಲ್ಲಿ ಆದಷ್ಟು ಕಪ್ಪು ಮಾಡಿ, ನಡುವಿನ ಮೂರನ್ನು ಮೆಟ್ಟಿಲು ಮೆಟ್ಟಿಲಾಗಿ ತುಂಬಿ. ಬೆರಳಿನಿಂದ ಉಜ್ಜಬೇಡಿ. ಒತ್ತೊತ್ತಾಗಿ ಗೆರೆ ಎಳೆದೇ ಕಪ್ಪನ್ನು ತನ್ನಿ. ಉಜ್ಜಿದ ಛಾಯೆ ಕಣ್ಣಿಗೆ ನಯವಾಗಿ ಕಂಡರೂ ವಸ್ತುವಿನ ಆಕಾರವನ್ನು ಮಂಕುಮಾಡುತ್ತದೆ. ನನ್ನ ಸಿನಿಮಾ ನಟರ ಮುಖಗಳೆಲ್ಲ ಬೆಲೂನಿನಂತಿದ್ದುದು ಇದರಿಂದಲೇ.

ಆಮೇಲೆ ಬೆಳಗ್ಗೆ ಏಳು ಗಂಟೆಗೆ ಕುಂತಿಬೆಟ್ಟದ ಬುಡಕ್ಕೆ ಹೋಗಿ. ಒಂದೇ ಒಂದು ದುಂಡು ಬಂಡೆಯನ್ನು ಆರಿಸಿಕೊಳ್ಳಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಬಿರುಕು, ಪಾಚಿ, ಹುಲ್ಲು ಎಲ್ಲ ಮರೆಯಾಗಿ ಬೆಳಕು, ನಡುಛಾಯೆ, ನೆರಳು ಮಾತ್ರ ಉಳಿಯುತ್ತವೆ. ನೆರಳಿನ ಕಡೆಯ ಅಂಚಿನಲ್ಲಿ ತುಸು ಬೆಳಕಿರುವುದನ್ನು ಕಾಣುತ್ತೀರಿ. ಅದು ನೆಲದಿಂದ ಪುಟಿದು ಬಂದ ಬೆಳಕು. ಅದನ್ನು ಗಮನಿಸಿ ಬಿಟ್ಟರೆ ಬಂಡೆ ದುಂಡಗಾಗುತ್ತದೆ, ಗಮನಿಸದೆ ಕಪ್ಪು ಬಳಿದರೆ ಚಪ್ಪಟೆಯಾಗುತ್ತದೆ. ಅದೇ ಬಂಡೆಯನ್ನು ಸಂಜೆ ಐದಕ್ಕೆ ಮತ್ತೆ ಬರೆಯಿರಿ. ಒಂದೇ ಬಂಡೆ, ಎರಡು ಚಿತ್ರ.

ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿನ ಮೇಲ್ಮೈ ಬೆಳಕು, ಎದುರುಮೈ ನೆರಳು. ಬೆಳಕು ನೆರಳಿನ ಲೆಕ್ಕವನ್ನು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಿಲ್ಲ. ಊರಿನ ಮೇಲಿರುವ ರಾಯಗೋಪುರದ ಎತ್ತರದ ಕಂಬಗಳು ಆಕಾಶಕ್ಕೆ ಎದುರಾಗಿ ನಿಂತಿವೆ. ಆ ಗೋಪುರ ಪೂರ್ತಿಯಾಗಲೇ ಇಲ್ಲ. ನಿಮ್ಮ ಚಿತ್ರ ಅರ್ಧಕ್ಕೆ ನಿಂತರೆ ಬೇಸರಪಡಬೇಡಿ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿ ತಮಾಷೆ ಮಾಡುವುದುಂಟು.

ಕೃಷ್ಣರಾಜಪೇಟೆ: ಚೊಂಬಿನ ಬಾಯಿಗೆ ಉತ್ತರ

ಕೆ.ಆರ್. ಪೇಟೆಗೆ ಹತ್ತಿರದ ಹೊಸಹೊಳಲಿನಲ್ಲಿ 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯವಿದೆ. ಒಳಗೆ ನವರಂಗದಲ್ಲಿ ಕಡೆದ ಕಂಬಗಳು ನಿಂತಿವೆ. ತಿರುಗಣಿಗೆ ಕೊಟ್ಟು ಕಡೆದಂತಹ ಬಳೆ ಬಳೆಯಾದ ಕಂಬಗಳು. ನನ್ನ ಚೊಂಬಿನ ತಪ್ಪು ನನಗೆ ಅರ್ಥವಾದದ್ದು ಇಂಥದೊಂದು ಕಂಬದ ಮುಂದೆ ಕುಳಿತಾಗ.

ಕಂಬದ ಪ್ರತಿಯೊಂದು ಬಳೆಯೂ ವೃತ್ತವೇ. ಆದರೆ ಕಣ್ಣಿನ ಮಟ್ಟದಲ್ಲಿರುವ ಬಳೆ ನೇರ ಗೆರೆಯಂತೆ ಕಾಣುತ್ತದೆ. ಅದಕ್ಕಿಂತ ಕೆಳಗಿನ ಬಳೆಗಳ ಮುಂಭಾಗ ಕೆಳಕ್ಕೆ ಬಾಗುತ್ತದೆ. ಕೆಳಗಿಳಿದಷ್ಟೂ ಬಾಗು ಹೆಚ್ಚು. ಕಣ್ಣಿಗಿಂತ ಮೇಲಿನ ಬಳೆಗಳು ಕಮಾನಿನಂತೆ ಮೇಲಕ್ಕೆ ಬಾಗುತ್ತವೆ. ಎದ್ದು ನಿಂತರೆ ಕಣ್ಣಿನ ಮಟ್ಟ ಬದಲಾಗಿ ಎಲ್ಲ ಬಳೆಗಳ ಬಾಗೂ ಬದಲಾಗುತ್ತದೆ. ಹಾಗಾದರೆ ಸ್ಟೂಲಿನ ಮೇಲಿನ ಚೊಂಬಿನ ಬಾಯಿ ಗುಂಡಗೆ ಕಾಣುವುದು ಹೇಗೆ? ಅದು ಕಿರಿದಾದ ಮೊಟ್ಟೆಯಾಕಾರ. ಬುಡ ಕಣ್ಣಿಗೆ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಗಿಂತ ಹೆಚ್ಚು. ನಾನು ನೇರ ಗೆರೆ ಎಳೆದಿದ್ದೆ! ಮನೆಗೆ ಬಂದು ಲೋಟ, ಬಿಂದಿಗೆ, ಒರಳು, ಬಕೆಟ್ಟು ಒಂದನ್ನೂ ಬಿಡದೆ ಬರೆದೆ. ಅಮ್ಮ ನೀರು ತರಲು ಬಿಂದಿಗೆ ಹುಡುಕಿದರೆ ಅದು ಹಿತ್ತಲಲ್ಲಿ ನನ್ನ ಮುಂದೆ ಇರುತ್ತಿತ್ತು.

ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಕಥಾಪಟ್ಟಿಕೆ, ಮಕರ, ಹಂಸಗಳು ಒಂದರ ಮೇಲೊಂದು ಸಾಗುತ್ತವೆ. ಒಂದು ಆನೆಯನ್ನು ಅರ್ಧ ನಿಮಿಷದಲ್ಲಿ ಐದೇ ಗೆರೆಗಳಲ್ಲಿ ಹಿಡಿಯಲು ಯತ್ನಿಸಿ: ತಲೆಯಿಂದ ಬಾಲದವರೆಗೆ ಬೆನ್ನಿನ ಒಂದು ಗೆರೆ, ಸೊಂಡಿಲಿಗೊಂದು, ಹೊಟ್ಟೆಗೊಂದು, ಕಾಲುಗಳಿಗೆ ಎರಡು. ಮುಂದಿನ ಆನೆಗೆ ಹೋಗಿ. ಇಪ್ಪತ್ತು ಆನೆ ಮುಗಿಯುವಷ್ಟರಲ್ಲಿ ಎಲ್ಲವೂ ಒಂದೇ ಎಂದು ಮೊದಲು ಅನಿಸಿದ್ದು ಸುಳ್ಳೆಂದು ತಿಳಿಯುತ್ತದೆ.

ಇದೇ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರನ್ನು ನೀವು ನೆನಪಿಡಬೇಕು. 1196ರ ಅಮೃತಾಪುರದ ದೇವಾಲಯದಲ್ಲಿ ಭುವನೇಶ್ವರಿಗಳನ್ನು ಕೆತ್ತುತ್ತ ಅವನು ಕೆಲಸ ಆರಂಭಿಸಿದನೆಂದು ವಿದ್ವಾಂಸರು ಗುರುತಿಸಿದ್ದಾರೆ. 1258ರ ಸೋಮನಾಥಪುರದಲ್ಲಿ ಅವನ ಸಹಿ ಮತ್ತೆ ಮತ್ತೆ ಕಾಣುತ್ತದೆ. ಎರಡರ ನಡುವೆ ಅರುವತ್ತು ವರ್ಷಗಳು. ನಾವು ಆರು ತಿಂಗಳು ಪೆನ್ಸಿಲ್ ಹಿಡಿದು ಕೈ ಕೂಡಲಿಲ್ಲವೆಂದು ಬೇಸರಪಡುತ್ತೇವೆ.

ನಾಗಮಂಗಲ: ಮನುಷ್ಯನ ಅಳತೆ, ಮನುಷ್ಯನ ಚಲನೆ

ನಾಗಮಂಗಲ ಲೋಹದ ವಿಗ್ರಹಗಳ ಎರಕಕ್ಕೆ ಹೆಸರಾದ ಊರು. ಎರಕದವರು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಕರಗಿಸಿ ಹೊರಬಿಟ್ಟು, ಆ ಜಾಗಕ್ಕೆ ಕಾದ ಲೋಹ ಹುಯ್ಯುತ್ತಾರೆ. ಮೇಣದಲ್ಲಿ ಅಳತೆ ತಪ್ಪಿದರೆ ಲೋಹದಲ್ಲಿ ತಿದ್ದುವಂತಿಲ್ಲ. ಅದಕ್ಕೇ ಶಿಲ್ಪಶಾಸ್ತ್ರದಲ್ಲಿ ತಾಳಮಾನವೆಂಬ ಲೆಕ್ಕವಿದೆ. ಮುಖದ ಉದ್ದ ಒಂದು ತಾಳ, ಅದಕ್ಕೆ ಹನ್ನೆರಡು ಅಂಗುಲ. ನವತಾಳದ ಮೂರ್ತಿಗೆ ಒಂಬತ್ತು ತಾಳ, ಅಂದರೆ 108 ಅಂಗುಲ ಎತ್ತರ.

ಪೆನ್ಸಿಲ್ ಚಿತ್ರದಲ್ಲಿ ನಾವೂ ತಲೆಯನ್ನೇ ಅಳತೆಯಾಗಿ ಹಿಡಿಯುತ್ತೇವೆ. ನೆತ್ತಿಯಿಂದ ಗಲ್ಲದವರೆಗೆ ಒಂದು ತಲೆ ಎಂದರೆ ಬೆಳೆದ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರವಿರುತ್ತಾನೆ. ಚಿಕ್ಕ ಮಗು ನಾಲ್ಕು ತಲೆಯಷ್ಟೇ. ಮಗುವನ್ನು ಬರೆಯಲು ಹೋಗಿ ಗಿಡ್ಡ ಮುದುಕನನ್ನು ಬರೆಯುವುದು ಈ ಲೆಕ್ಕ ತಪ್ಪಿದ್ದರಿಂದ. ಇದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಅಲ್ಲಿನ ಜಿನಮೂರ್ತಿಗಳಲ್ಲಿ ಒಡವೆಯಿಲ್ಲ, ವಸ್ತ್ರದ ಮಡಿಕೆಯಿಲ್ಲ. ಭುಜ, ಎದೆ, ತೋಳುಗಳ ಶುದ್ಧ ಆಕಾರ ಮಾತ್ರ. ಹೊಸಬರು ಮನುಷ್ಯದೇಹದ ಹೊರಗೆರೆಯನ್ನು ಕಲಿಯಲು ಹೊಯ್ಸಳರ ಮದನಿಕೆಗಿಂತ ಇದೇ ಒಳ್ಳೆಯದು.

ಆದರೆ ಕಲ್ಲು ಕದಲುವುದಿಲ್ಲ. ಕದಲುವುದನ್ನು ಬರೆಯಬೇಕಾದರೆ ಸಂತೆಗೆ ಹೋಗಿ. ಹಳ್ಳಿಕಾರ್ ಎತ್ತು ಕಣ್ಣಮುಂದೆ ತಲೆಯೆತ್ತಿ ನಿಂತು, ನೀವು ಕೊಂಬು ಬರೆಯುವಷ್ಟರಲ್ಲಿ ತಿರುಗಿಬಿಡುತ್ತದೆ. ಆಗ ಸಿಟ್ಟಾಗದೆ ಅದೇ ಹಾಳೆಯಲ್ಲಿ ಪಕ್ಕಕ್ಕೆ ಹೊಸ ಗೆರೆ ಆರಂಭಿಸಿ. ಎತ್ತು ಸ್ವಲ್ಪ ಹೊತ್ತಿಗೆ ಮತ್ತೆ ಹಳೆಯ ನಿಲುವಿಗೇ ಬರುತ್ತದೆ. ಮನುಷ್ಯರೂ ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ಕಾಯುವವರು, ಹೋಟೆಲಿನಲ್ಲಿ ಟೀ ಬತ್ತಿಸುವವರು, ಮನೆಯಲ್ಲಿ ಮುದ್ದೆ ತೊಳಸುವ ತಾಯಿ, ಎಲ್ಲರ ಕೆಲಸದಲ್ಲೂ ಮರುಕಳಿಸುವ ಒಂದು ಭಂಗಿ ಇರುತ್ತದೆ. ಅದು ಬಂದಾಗಲೆಲ್ಲ ಒಂದೊಂದು ಗೆರೆ ಸೇರಿಸಿ. ಅಪರಿಚಿತರಾದರೆ ಒಂದು ಮಾತು ಕೇಳಿ. ನಮ್ಮ ಕಡೆಯ ಜನ ಬೇಡವೆನ್ನುವುದು ಅಪರೂಪ. “ಸರಿಯಾಗಿ ಬರಿಯಪ್ಪಾ, ಮೂಗು ದಪ್ಪ ಮಾಡ್ಬೇಡ” ಎನ್ನುತ್ತಾರೆ, ಅಷ್ಟೆ.

ಕೆಲವು ಸಂದೇಹಗಳು

ಫೋನಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ನೋಡಿ ಬರೆದರಾಗದೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ಮೊದಲ ವರ್ಷ ಬೇಡ. ಫೋಟೋದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು, ಎಷ್ಟು ದೊಡ್ಡದು ಎಂಬುದನ್ನೆಲ್ಲ ಕ್ಯಾಮೆರಾ ಆಗಲೇ ತೀರ್ಮಾನಿಸಿರುತ್ತದೆ. ನೀವು ಕಲಿಯಬೇಕಾದದ್ದೇ ಆ ತೀರ್ಮಾನವನ್ನು. ದೊಡ್ಡ ಕಲಾವಿದರ ಚಿತ್ರಗಳನ್ನು ನಕಲು ಮಾಡುವುದು ತಪ್ಪಲ್ಲ. ಚೌಕ ಹಾಕದೆ, ಕಣ್ಣಳತೆಯಲ್ಲೇ ಮಾಡಿ.

ದಿನಕ್ಕೆ ಎಷ್ಟು ಹೊತ್ತು? ಭಾನುವಾರ ಐದು ಗಂಟೆ ಕುಳಿತು ವಾರವಿಡೀ ಬಿಡುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಮೇಲು. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಬರೆಯಿರಿ. ಕೆಟ್ಟ ಚಿತ್ರವನ್ನು ಹರಿಯಬೇಡಿ. ಆರು ತಿಂಗಳಾದ ಮೇಲೆ ಹಿಂದಿನ ಹಾಳೆ ತಿರುವಿದರೆ ನಿಮಗೆ ಸಿಗುವ ಧೈರ್ಯವನ್ನು ಯಾವ ಮೇಷ್ಟ್ರೂ ಕೊಡಲಾರರು.

ಆಯ್ಕೆಯಾಗದಿದ್ದರೆ? ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅವರು ಪೆನ್ಸಿಲನ್ನು ಕೆಳಗಿಡಲಿಲ್ಲ. ಕಲೆಯಿಂದಲೇ ಹೊಟ್ಟೆ ತುಂಬುತ್ತದೆ ಎಂಬ ಭರವಸೆಯನ್ನು ನಾನು ಯಾವ ತಂದೆತಾಯಿಗಳಿಗೂ ಕೊಡಲಾರೆ. ಆದರೆ ನೋಡಲು ಕಲಿತ ಕಣ್ಣು ಬಡಗಿಗೂ, ದರ್ಜಿಗೂ, ಡಾಕ್ಟರಿಗೂ, ಗದ್ದೆಯಲ್ಲಿ ಬೆಳೆಯ ರೋಗವನ್ನು ಮೊದಲೇ ಗುರುತಿಸಬೇಕಾದ ರೈತನಿಗೂ ಬೇಕು. ಆ ದುಡ್ಡು ವ್ಯರ್ಥವಾಗುವುದಿಲ್ಲ.

ಮರುವರ್ಷ ಅದೇ ಪರೀಕ್ಷೆಗೆ ಮತ್ತೆ ಹೋದೆ. ಈ ಸಲ ಸ್ಟೂಲಿನ ಮೇಲೆ ಮಣ್ಣಿನ ಹೂಜಿ ಇತ್ತು. ಮೊದಲ ಹತ್ತು ನಿಮಿಷ ನಾನು ಗೆರೆಯನ್ನೇ ಎಳೆಯದೆ ನೋಡುತ್ತ ಕುಳಿತೆ. ಸೀಟು ಸಿಕ್ಕಿತು. ಆ ಹೂಜಿಯ ಚಿತ್ರ ಈಗ ನನ್ನ ಬಳಿ ಇಲ್ಲ. ಆ ವರ್ಷದ ಪುಸ್ತಕಗಳಲ್ಲಿ ಉಳಿದಿರುವುದು ಎರಡೇ. ಅದರಲ್ಲೊಂದು ಹಾಳೆಯಲ್ಲಿ ಅಪ್ಪನ ಎರಡು ಕೈಗಳಿವೆ. ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದಾಗ ಬರೆದದ್ದು. ಹೆಬ್ಬೆರಳು ಅಳತೆಗಿಂತ ದೊಡ್ಡದಾಗಿದೆ, ನೆರಳು ಸರಿಯಿಲ್ಲ. ಬಲಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಿರುವುದನ್ನು ಮಾತ್ರ ಸರಿಯಾಗಿ ಹಿಡಿದಿದ್ದೇನೆ. ಹುಟ್ಟಿದಾಗಿನಿಂದ ಆ ಕೈಗಳನ್ನು ಕಂಡಿದ್ದ ನನಗೆ ಆ ಬೆರಳು ಸೊಟ್ಟಗಿದೆಯೆಂದು ತಿಳಿದದ್ದು ಅಂದು. ಅದು ಹೇಗಾಯಿತೆಂದು ಕೇಳಿದೆ. ನೇಗಿಲಿಗೆ ಸಿಕ್ಕಿದ್ದು ಎಂದರು. ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲವಂತೆ.

ಇಂದು ಸಂಜೆಯೇ ಒಂದು ಪೆನ್ಸಿಲನ್ನು ಉದ್ದವಾಗಿ ಹೆರೆದಿಡಿ. ನಾಳೆ ಬೆಳಗ್ಗೆ ಮನೆಯ ಚೊಂಬನ್ನು ಕಣ್ಣಿಗಿಂತ ಸ್ವಲ್ಪ ಕೆಳಗಿಟ್ಟುಕೊಂಡು, ಅದರ ಬಾಯಿ ಎಷ್ಟು ಅಗಲ, ಎಷ್ಟು ಕಿರಿದು ಎಂದು ನೋಡಿ. ಬರೆಯುವುದು ಆಮೇಲೆ.